ಕೂಸು ಯಾರನ್ನು ಹಚ್ಚಿಕೊಳ್ಳುತ್ತದೆ?

ಮಾನ್ವಿ ಹತ್ತಿರದ ನಮ್ಮೂರಲ್ಲಿ ಹತ್ತಿ ಬಿಡಿಸುವ ದಿನಗಳು. ಅಕ್ಕ ಹೊಲದಿಂದ ಬಂದು ಹೊರಗೆ ಕೈಕಾಲು ತೊಳೆಯುತ್ತಿದ್ದಳು. ಒಳಗೆ ಸೀರೆ ಜೋಲಿಯಲ್ಲಿ ನಾಲ್ಕು ತಿಂಗಳ ಕೂಸು ಹಸಿದು ಚೀರುತ್ತಿತ್ತು. ಅಕ್ಕನ ಗಾಜಿನ ಬಳೆ ಗಲ್ ಅಂದವು. ಕೂಸು ತಟ್ಟನೆ ಅಳು ನಿಲ್ಲಿಸಿತು. ಬಾಗಿಲ ಕಡೆ ಕತ್ತು ಹೊರಳಿಸಿ ತುಟಿ ಚೀಪತೊಡಗಿತು. ಹಾಲು ಇನ್ನೂ ಬಂದಿಲ್ಲ, ತಾಯಿಯ ಮುಖವೂ ಕಂಡಿಲ್ಲ!

ಹುಟ್ಟಿದಾಗ ಅದಕ್ಕೆ ಬಳೆ ಸದ್ದು ಸುಮ್ನೆ ಒಂದು ಸದ್ದು. ದಿನವೂ ಹಲವು ಸಲ ಆ ಸದ್ದಿನ ಹಿಂದೆಯೇ ಹಾಲು ಬಂದು, ಎರಡೂ ಒಂದಕ್ಕೊಂದು ಬೆಸೆದುಕೊಂಡಿವೆ. ರಷ್ಯಾದ ವಿಜ್ಞಾನಿ ಇವಾನ್ ಪಾವ್ಲೋವ್ ನಾಯಿಗಳಲ್ಲಿ ಕಂಡದ್ದೂ ಇದನ್ನೇ. ಊಟಕ್ಕೆ ಮುಂಚೆ ಪ್ರತಿಸಲ ಒಂದೇ ಸದ್ದು ಕೇಳಿಸಿದರೆ, ಕೊನೆಗೆ ಸದ್ದಿಗೇ ಜೊಲ್ಲು ಸುರಿಯುತ್ತದೆ. ಬಿ.ಎಡ್. ಓದಿದವರಿಗೆ ಇದು ಶಾಸ್ತ್ರೀಯ ಅನುಬಂಧನ.

ಇನ್ನೊಂದು ಕಲಿಕೆಯೂ ಇದೆ. ಅತ್ತರೆ ಎತ್ತಿಕೊಳ್ಳುತ್ತಾರೆ, ಅದಕ್ಕೇ ಕೂಸು ಮತ್ತೆ ಅಳುತ್ತದೆ. ಎತ್ತಿಕೊಂಡರೆ ಅಳು ನಿಲ್ಲುತ್ತದೆ, ಅದಕ್ಕೇ ತಾಯಿ ಮತ್ತೆ ಎತ್ತಿಕೊಳ್ಳುತ್ತಾಳೆ. ಕೂಸೂ ತಾಯಿಗೆ ಕಲಿಸುತ್ತಿದೆ, ಅಲ್ವಾ? "ಜಾಸ್ತಿ ಎತ್ಕೋಬ್ಯಾಡ, ಕೈ ರೂಢಿ ಆಗ್ತದ" ಅಂತ ಓಣಿಯವರು ಹೇಳುತ್ತಾರೆ. ಆದರೆ ಅಷ್ಟು ಎಳೆಯದಕ್ಕೆ ಅಳುವೊಂದೇ ಮಾತು. ಅದಕ್ಕೆ ಓಗೊಟ್ಟರೆ ಚಟ ಹಿಡಿಸಿದಂತೆ ಎಂದು ನನಗೆ ಅನ್ನಿಸುವುದಿಲ್ಲ.

ಡಾಲರ್ಡ್ ಮತ್ತು ಮಿಲ್ಲರ್ ಎಂಬ ಅಮೆರಿಕದ ವಿದ್ವಾಂಸರು 1950ರಲ್ಲಿ ಈ ಕಲಿಕೆಯಿಂದಲೇ ಬಾಂಧವ್ಯವನ್ನು ವಿವರಿಸಿದರು. ಹಸಿವು ತೀರಿಸುವವರು ಯಾರೋ, ಅವರೇ ಕೂಸಿಗೆ ಬೇಕಾದವರು.

ಹಾಗಾದರೆ ನಮ್ಮ ಯವ್ವನ, ಅಂದರೆ ಕೂಸಿನ ಅಜ್ಜಿಯ ಕಥೆ ಏನು? ಆಕೆ ಹಾಲು ಕೊಡುವವಳಲ್ಲ. ಹಗಲೆಲ್ಲ ಜೋಲಿ ತೂಗುತ್ತಾಳೆ. ಕೂಸು "ಊಂ" ಅಂದರೆ ತಾನೂ "ಊಂ" ಅನ್ನುತ್ತಾಳೆ. ಅದು ಮತ್ತೆ ಅನ್ನುವವರೆಗೆ ಕಾಯುತ್ತಾಳೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಹ್ಯಾರಿ ಹಾರ್ಲೋ 1958ರಲ್ಲಿ ಪ್ರಕಟಿಸಿದ ಪ್ರಯೋಗ ಓದಿದರೆ ಕರುಳು ಚುರ್ ಅನ್ನುತ್ತದೆ. ತಾಯಿಯಿಂದ ಅಗಲಿಸಿದ ಮಂಗನ ಮರಿಗಳಿಗೆ ಎರಡು ಬೊಂಬೆ ಇಟ್ಟರು. ತಂತಿಯದಕ್ಕೆ ಹಾಲಿನ ಬಾಟಲಿ, ಮೆತ್ತನೆ ಬಟ್ಟೆಯದಕ್ಕೆ ಏನೂ ಇಲ್ಲ. ಮರಿಗಳು ತಂತಿಯ ಹತ್ತಿರ ಹೋಗಿ ಹಾಲು ಕುಡಿದವು. ಆದರೆ ದಿನದ ಹೆಚ್ಚು ಹೊತ್ತು ತಬ್ಬಿಕೊಂಡದ್ದು ಬಟ್ಟೆ ಬೊಂಬೆಯನ್ನು.

ಮನುಷ್ಯರ ಮಕ್ಕಳ ವಿಷಯದಲ್ಲಿ ಶಾಫರ್ ಮತ್ತು ಎಮರ್ಸನ್ ಎಂಬ ಸಂಶೋಧಕರು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ 60 ಕೂಸುಗಳನ್ನು ಗಮನಿಸಿ 1964ರಲ್ಲಿ ವರದಿ ಬರೆದರು. ಉಣಿಸುವವರನ್ನೇ ಕೂಸು ಹಚ್ಚಿಕೊಳ್ಳಬೇಕೆಂದಿಲ್ಲ. ಕರೆದಾಗ ಬೇಗ ಓಗೊಟ್ಟು, ಮಾತಾಡಿಸಿ ಆಡಿಸುವವರನ್ನು ಅದು ಹೆಚ್ಚು ಹಚ್ಚಿಕೊಳ್ಳುತ್ತದೆ.

ಈಗ ಕೂಸಿಗೆ ಎಂಟು ತಿಂಗಳು. ಮೊನ್ನೆ ನಾನು ಕೈ ಚಾಚಿದೆ. ಒಂದು ಗಳಿಗೆ ನೋಡಿತು, ತುಟಿ ನಡುಗಿತು. ಆಮೇಲೆ ಯವ್ವನ ಸೆರಗನ್ನು ಎರಡೂ ಮುಷ್ಟಿಯಲ್ಲಿ ಹಿಡಿದು ಮುಖ ಮುಚ್ಚಿಕೊಂಡಿತು.