ಹಳದಿ ಲೆನ್ಸ್ ಯಾರಿಗೆ, ಕ್ಲಿಯರ್ ಲೆನ್ಸ್ ಯಾರಿಗೆ

ಮೋತಿಬಿಂದು (ಕಣ್ಣಿನ ಪೊರೆ) ಆಪರೇಶನ್ ಆಗಿ ಪಟ್ಟಿ ಬಿಚ್ಚಿದ ಮೇಲೆ ನಮ್ಮ ಕಡೆಯ ಹಿರಿಯರು ಆಗಾಗ ಹೇಳುವುದುಂಟು: ‘ಧೋತರಕ್ಕ ನೀಲಿ ಜಾಸ್ತಿ ಹಾಕಿದಂಗ ಕಾಣಾಕತ್ತೈತ್ರಿ.’ ಇದರಲ್ಲಿ ಗಾಬರಿಪಡುವಂಥದ್ದು ಏನೂ ಇಲ್ಲ. ವಯಸ್ಸಾದಂತೆ ಕಣ್ಣಿನ ಸಹಜ ಮಸೂರ ಹಳದಿಗೆ, ಆಮೇಲೆ ಕಂದು ಬಣ್ಣಕ್ಕೆ ತಿರುಗುತ್ತದೆ. ನೀಲಿ ಬೆಳಕು ಒಳಗೆ ಹೋಗುವುದು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತದೆ, ಮಿದುಳು ಅದಕ್ಕೇ ಹೊಂದಿಕೊಂಡುಬಿಡುತ್ತದೆ. ಆ ಮಸೂರ ತೆಗೆದು ಬಣ್ಣವಿಲ್ಲದ ಕೃತಕ ಲೆನ್ಸ್, ಅಂದರೆ ಕ್ಲಿಯರ್ ಲೆನ್ಸ್ ಕೂಡಿಸಿದಾಗ ನೀಲಿ ಒಮ್ಮೆಲೇ ನುಗ್ಗಿ ಬರುತ್ತದೆ. ಬಿಳಿ ಧೋತರವನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ: ಆಪರೇಶನ್ ಆದ ಕಣ್ಣಿಗೆ ಅಚ್ಚ ಬಿಳಿ, ಆಗದ ಕಣ್ಣಿಗೆ ಚಹಾದ ನೀರಿನಲ್ಲಿ ಅದ್ದಿ ತೆಗೆದ ಬಟ್ಟೆ. ಈ ನೀಲಿ ಛಾಯೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ.

ಹಳದಿ ಲೆನ್ಸ್ ಹುಟ್ಟಿದ್ದು ಈ ಬದಲಾವಣೆಯನ್ನು ಮೆತ್ತಗಾಗಿಸಲು, ಮತ್ತು ನೀಲಿ ಬೆಳಕಿನಿಂದ ರೆಟಿನಾಕ್ಕೆ (ಕಣ್ಣಿನ ಹಿಂಭಾಗದಲ್ಲಿ ಬೆಳಕು ಗ್ರಹಿಸುವ ಪರದೆ) ಹಾನಿಯಾದೀತು ಎಂಬ ಅಂಜಿಕೆಯಿಂದ. 1949ರಲ್ಲಿ ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ ಮೊದಲ ಬಾರಿಗೆ ಕಣ್ಣೊಳಗೆ ಕೂಡಿಸಿದ ಲೆನ್ಸ್ ಬಣ್ಣವಿಲ್ಲದ ಅಕ್ರಿಲಿಕ್. ಅದು ಅತಿನೇರಳೆ ಕಿರಣಗಳನ್ನೂ ಒಳಗೆ ಬಿಡುತ್ತಿತ್ತು. 1980ರ ದಶಕದಲ್ಲಿ ಅವುಗಳನ್ನು ತಡೆಯುವ ರಾಸಾಯನಿಕ ಲೆನ್ಸಿನೊಳಗೆ ಸೇರಿತು. ಈಗ ಸಿಗುವ ಕ್ಲಿಯರ್ ಲೆನ್ಸಿನಲ್ಲೂ, ಹಳದಿಯಲ್ಲೂ 400 ನ್ಯಾನೊಮೀಟರ್‌ (ಬೆಳಕಿನ ಅಲೆಯ ಉದ್ದದ ಅಳತೆ) ವರೆಗಿನ ಅತಿನೇರಳೆ ಕಿರಣಗಳಿಗೆ ತಡೆ ಇದ್ದೇ ಇರುತ್ತದೆ. ‘ಕ್ಲಿಯರ್ ಹಾಕಿಸಿದರೆ ಬಿಸಿಲಿಗೆ ಕಣ್ಣು ಕೆಡುತ್ತದೆ’ ಎಂಬ ಮಾತಿಗೆ ಆಧಾರವಿಲ್ಲ. ಹಳದಿ ಲೆನ್ಸ್ ಹೆಚ್ಚಿಗೆ ಮಾಡುವುದಿಷ್ಟೇ: 400ರಿಂದ 500ರ ನಡುವಿನ ನೇರಳೆ-ನೀಲಿ ಬೆಳಕಿನ ಒಂದು ಪಾಲನ್ನು ಹೀರಿಕೊಳ್ಳುತ್ತದೆ, ಪೂರ್ತಿ ತಡೆಯುವುದಿಲ್ಲ. ಬಣ್ಣ ಮೇಲ್ಮೈಗೆ ಬಳಿದದ್ದಲ್ಲ, ಲೆನ್ಸಿನ ವಸ್ತುವಿನಲ್ಲೇ ರಾಸಾಯನಿಕವಾಗಿ ಬೆಸೆದದ್ದು. ಹಾಗಾಗಿ ಕರಗಿ ಹೋಗುವ ಭಯವಿಲ್ಲ. ಹೆಚ್ಚು ಪವರಿನ ಲೆನ್ಸ್ ನಡುವೆ ದಪ್ಪ ಇರುವುದರಿಂದ ಅದರ ಹಳದಿಯೂ ಸ್ವಲ್ಪ ಗಾಢ.

ರೆಟಿನಾಕ್ಕೆ ಇದರಿಂದ ನಿಜಕ್ಕೂ ರಕ್ಷಣೆ ಸಿಗುತ್ತದೆಯೇ? ವೈದ್ಯಕೀಯ ಪ್ರಯೋಗಗಳನ್ನು ಒರೆಹಚ್ಚಿ ನೋಡುವ ಕಾಕ್ರೇನ್ ಸಂಸ್ಥೆಯ 2018ರ ಪರಾಮರ್ಶೆ 51 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿತು. ದೃಷ್ಟಿಯ ಸ್ಪಷ್ಟತೆಯಲ್ಲಿ ಎರಡಕ್ಕೂ ಗಮನಿಸುವಷ್ಟು ವ್ಯತ್ಯಾಸ ಕಾಣಲಿಲ್ಲ. ಹಳದಿ ಲೆನ್ಸ್ ಮ್ಯಾಕ್ಯುಲಾವನ್ನು (ರೆಟಿನಾದ ನಡುಭಾಗ) ಕಾಪಾಡುತ್ತದೆ ಎನ್ನಲು ಪುರಾವೆಯೂ ಸಾಲಲಿಲ್ಲ. ‘ಮೊಬೈಲ್ ನೋಡ್ತೀನ್ರಿ, ಅದಕ್ಕ ಹಳದಿ ಹಾಕ್ರಿ’ ಎನ್ನುವವರು ಇಷ್ಟು ಗಮನಿಸಬೇಕು: ಮೊಬೈಲಿನ ಬೆಳಕು ಹುಬ್ಬಳ್ಳಿಯ ಮಧ್ಯಾಹ್ನದ ಬಿಸಿಲಿನ ಮುಂದೆ ಏನೇನೂ ಅಲ್ಲ. ಹೊಲದಲ್ಲಿ, ಬೈಕಿನ ಮೇಲೆ ದಿನ ಕಳೆಯುವವರಿಗೆ ಯಾವ ಲೆನ್ಸ್ ಹಾಕಿದರೂ ಯುವಿ 400 ಎಂದು ಬರೆದ ಗಾಗಲ್ ಮತ್ತು ತಲೆಗೊಂದು ಟೋಪಿ ಬೇಕೇ ಬೇಕು. ಹಳದಿ ಲೆನ್ಸ್ ಗಾಗಲಿನ ಕೆಲಸ ಮಾಡುವುದಿಲ್ಲ.

ವ್ಯತ್ಯಾಸ ಕೆಲಸಕ್ಕೆ ಬರುವುದು ಬಣ್ಣ ನೋಡಿ ದುಡಿಯುವವರ ವಿಷಯದಲ್ಲಿ. ಇಲ್ಲಿ ಜನರ ಅಂಜಿಕೆ ಬಹಳ ಸಲ ತಿರುವುಮುರುವಾಗಿರುತ್ತದೆ. ಬ್ಯಾಡಗಿ ಮೆಣಸಿನಕಾಯಿ ವ್ಯಾಪಾರಿ ‘ಕೆಂಪು ಬಣ್ಣ ತಪ್ಪಿದರೆ ಧಾರಣಿಯೇ ತಪ್ಪುತ್ತದೆ’ ಎಂದು ಹಳದಿ ಲೆನ್ಸಿಗೆ ಹೆದರುತ್ತಾರೆ. ಕೆಂಪು ಬೆಳಕನ್ನು ಹಳದಿ ಲೆನ್ಸ್ ಮುಟ್ಟುವುದೇ ಇಲ್ಲ, ಅವರು ನಿಶ್ಚಿಂತೆಯಿಂದ ಇರಬಹುದು. ಬೆಟಗೇರಿಯ ನೇಕಾರರ ಮಾತು ಬೇರೆ. ಕರಿ ನೂಲು, ಗಾಢ ನೀಲಿ ನೂಲು, ಕಡು ನೇರಳೆ ನೂಲು ಮೂರನ್ನೂ ಮಗ್ಗದ ಮನೆಯ ಮಬ್ಬು ಬೆಳಕಿನಲ್ಲಿ ಪಕ್ಕಪಕ್ಕ ಇಟ್ಟು ಆರಿಸಬೇಕು. ಬೆಳಕು ಕಡಿಮೆಯಾದಾಗ ನಮ್ಮ ಕಣ್ಣು ಹೆಚ್ಚು ನೆಚ್ಚುವುದು ಸುಮಾರು 500 ನ್ಯಾನೊಮೀಟರಿನ ನೀಲಿ-ಹಸಿರು ಬೆಳಕನ್ನು. ಹಳದಿ ಲೆನ್ಸ್ ಅದರ ಅಂಚನ್ನೂ ಸ್ವಲ್ಪ ಕಡಿದುಬಿಡುತ್ತದೆ. ಹಗಲು ಬೆಳಕಿನಲ್ಲಿ ಈ ವ್ಯತ್ಯಾಸ ಹೆಚ್ಚಿನವರಿಗೆ ಗೊತ್ತಾಗುವುದಿಲ್ಲ, ಮಬ್ಬಿನಲ್ಲಿ ನೂಲು ಆರಿಸುವವರಿಗೆ ಗೊತ್ತಾಗಬಹುದು. ನೇಕಾರರು, ಬಣ್ಣ ಹಾಕುವವರು, ಟೇಲರ್‌ಗಳು, ಸೀರೆ ಅಂಗಡಿಯವರಿಗೆ ನಾವು ಕ್ಲಿಯರ್ ಲೆನ್ಸನ್ನೇ ಹೇಳುತ್ತೇವೆ. ಗ್ಲಾಕೋಮಾ (ಕಣ್ಣಿನ ನರ ಕೆಡುವ ಕಾಯಿಲೆ) ಮುಂದುವರಿದಿದ್ದರೆ, ಸಕ್ಕರೆ ಕಾಯಿಲೆಯಿಂದ ರೆಟಿನಾ ಕೆಟ್ಟಿದ್ದರೆ ನೀಲಿ-ಹಳದಿ ಗುರುತಿಸುವ ಶಕ್ತಿ ಮೊದಲೇ ಕುಗ್ಗಿರುತ್ತದೆ. ಅಂಥವರಿಗೂ ಕ್ಲಿಯರ್ ಮೇಲು ಎಂಬುದು ನಮ್ಮ ಅಭಿಪ್ರಾಯ. ಉಳಿದವರಿಗೆ ಯಾವುದಾದರೂ ನಡೆಯುತ್ತದೆ. ಹಳದಿ ಎನ್ನುವ ಒಂದೇ ಕಾರಣಕ್ಕೆ ಹೆಚ್ಚು ದುಡ್ಡು ಕೊಡಬೇಡಿ. ಬೆಲೆ ಏರುವುದು ಮಡಚುವ ಲೆನ್ಸೋ ಅಲ್ಲವೋ, ವಸ್ತು ಯಾವುದು, ಒಂದೇ ದೂರಕ್ಕೋ ಹಲವು ದೂರಕ್ಕೋ ಎಂಬುದರ ಮೇಲೆ.

ಬಣ್ಣದ ಚರ್ಚೆಯಲ್ಲಿ ಅಳತೆಯ ಮಾತು ಹಿಂದೆ ಬೀಳುತ್ತದೆ. ಆಪರೇಶನ್ ನಂತರ ‘ಚಲೋ ಕಾಣವಲ್ದು’ ಎಂದು ಬರುವವರಲ್ಲಿ ಮೊದಲು ನೋಡಬೇಕಾದದ್ದು ಬಣ್ಣವಲ್ಲ, ಪವರು. ಲೆನ್ಸಿನ ಪವರ್ ಲೆಕ್ಕ ಹಾಕಲು ಕಣ್ಣಿನ ಉದ್ದವನ್ನು ಮುಂದಿನಿಂದ ಹಿಂದಿನವರೆಗೆ ಅಳೆಯುತ್ತಾರೆ. ಅದನ್ನು 1 ಮಿಲಿಮೀಟರ್ ತಪ್ಪಾಗಿ ಅಳೆದರೆ ಪವರಿನಲ್ಲಿ ಸುಮಾರು 2.5 ಡಯಾಪ್ಟರ್ (ಪವರಿನ ಅಳತೆ) ತಪ್ಪುತ್ತದೆ. ಶಬ್ದದ ಅಲೆಯಿಂದ ಉದ್ದ ಅಳೆಯುವ ಎ-ಸ್ಕ್ಯಾನ್ ಕಡ್ಡಿಯನ್ನು ಕಾರ್ನಿಯಾದ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಮೇಲೆ ಕೊಂಚ ಒತ್ತಿದರೂ ಕಣ್ಣು ಗಿಡ್ಡವೆಂದು ತೋರಿಸುತ್ತದೆ, ಲೆಕ್ಕ ಬೇಕಾದ್ದಕ್ಕಿಂತ ಹೆಚ್ಚಿನ ಪವರ್ ಕೊಡುತ್ತದೆ, ದೂರದ್ದು ಮಸುಕಾಗುತ್ತದೆ. ಪೊರೆ ಪೂರ್ತಿ ಹಣ್ಣಾಗುವವರೆಗೆ ಕಾದು ಬಂದರೆ ಬೆಳಕಿನ ಕಿರಣದಿಂದ ಅಳೆಯುವ ಯಂತ್ರಕ್ಕೆ ಅಳತೆ ಸಿಗುವುದಿಲ್ಲ, ಈ ಕಡ್ಡಿಯೇ ಗತಿ. ಇನ್ನೊಂದು ತಪ್ಪು ಕೊನೇ ಗಳಿಗೆಯಲ್ಲಿ ಆಗುವಂಥದ್ದು: ಕ್ಲಿಯರ್ ಲೆನ್ಸಿಗೆ ಲೆಕ್ಕ ಹಾಕಿಟ್ಟು, ಮನೆಯವರು ಕೇಳಿದರೆಂದು ಅದೇ ಪವರಿನ ಹಳದಿ ಲೆನ್ಸ್ ತೆಗೆದುಕೊಳ್ಳುವುದು. ಒಂದೇ ಕಂಪನಿಯ ಎಸ್‌ಎ60ಎಟಿ ಕ್ಲಿಯರ್, ಅದರ ಪೆಟ್ಟಿಗೆಯ ಮೇಲಿನ ಎ-ಸ್ಥಿರಾಂಕ (ಪವರಿನ ಲೆಕ್ಕಕ್ಕೆ ಬಳಸುವ, ಮಾದರಿಗೊಂದರಂತೆ ಇರುವ ಸಂಖ್ಯೆ) 118.4. ಎಸ್‌ಎನ್60ಡಬ್ಲ್ಯೂಎಫ್ ಹಳದಿ, ಅದರದು 118.7. ಮಾದರಿ ಬದಲಾದರೆ ಲೆಕ್ಕ ಮತ್ತೆ ಹಾಕಲೇಬೇಕು.

ಮೊದಲ ಕಣ್ಣಿಗೆ ಒಂದು ಬಣ್ಣ, ಎರಡನೆಯದಕ್ಕೆ ಇನ್ನೊಂದು ಕೂಡಿಸಿದರೆ ಏನಾಗುತ್ತದೆ? ಎರಡೂ ಕಣ್ಣು ತೆರೆದಿದ್ದಾಗ ಬಹಳಷ್ಟು ಜನರಿಗೆ ತಿಳಿಯುವುದಿಲ್ಲ. ಒಂದು ಕಣ್ಣು ಮುಚ್ಚಿ ಗೋಡೆ ನೋಡಿದ ದಿನ ಮಾತ್ರ ‘ಈ ಕಣ್ಣು ಯಾಕ ಹಿಂಗ’ ಎಂಬ ಚಿಂತೆ ಶುರುವಾಗುತ್ತದೆ. ಆ ಕಾರಣಕ್ಕೆ ಲೆನ್ಸ್ ಬದಲಿಸಲು ಹೋಗಬಾರದು. ತಿಂಗಳುಗಳು ಕಳೆದಂತೆ ಲೆನ್ಸಿನ ಸುತ್ತಲಿನ ತೆಳು ಚೀಲ ಅದಕ್ಕೆ ಅಂಟಿಕೊಂಡಿರುತ್ತದೆ. ಬಿಡಿಸುವಾಗ ಅದು ಹರಿದರೆ ಹೊಸ ಲೆನ್ಸಿಗೆ ಆಸರೆಯೇ ಉಳಿಯುವುದಿಲ್ಲ.

ಎರಡು ಕಣ್ಣಿಗೆ ಎರಡು ಬಣ್ಣ ಆಗುವುದನ್ನು ತಪ್ಪಿಸುವ ದಾರಿ ಒಂದು ಸಣ್ಣ ಚೀಟಿಯಲ್ಲಿದೆ. ಲೆನ್ಸ್ ಪೆಟ್ಟಿಗೆಯಲ್ಲಿ ಅಂಟಿಸುವ ಸ್ಟಿಕ್ಕರುಗಳು ಬರುತ್ತವೆ, ಒಂದನ್ನು ಡಿಸ್ಚಾರ್ಜ್ ಕಾಗದಕ್ಕೆ ಅಂಟಿಸಿ ಕೊಡುತ್ತಾರೆ. ಅದರಲ್ಲಿ ಮಾದರಿಯ ಹೆಸರು, ಪವರು, ಲೆನ್ಸಿನ ಉದ್ದ ಸುಮಾರು 13 ಮಿಲಿಮೀಟರ್, ನಡುವಿನ ಗುಂಡು ಭಾಗ 6 ಮಿಲಿಮೀಟರ್, ಮತ್ತು ಸರಣಿ ಸಂಖ್ಯೆ ಇರುತ್ತವೆ. ಅಂಟಿಸಿರದಿದ್ದರೆ ಕೇಳಿ ಇಸಿದುಕೊಳ್ಳಿ. ಕಾಗದ ಮಳೆಗೆ ನೆಂದು, ಇಲಿ ಕಡಿದು ಹಾಳಾಗುವುದುಂಟು. ಅದಕ್ಕೆ ಅವತ್ತೇ ಮಗನದೋ ಮೊಮ್ಮಗಳದೋ ಮೊಬೈಲಿನಲ್ಲಿ ಫೋಟೊ ತೆಗೆಸಿಟ್ಟು, ಎರಡನೇ ಕಣ್ಣಿಗೆ ಬರುವಾಗ ಯಾವ ಊರಿನ ಯಾವ ಡಾಕ್ಟರಿದ್ದರೂ ಅಳತೆಗೆ ಕೂರುವ ಮೊದಲೇ ತೋರಿಸಿ.