ಕಳ್ಳಸಾಗಣೆಗೆ ಸಾಗಣೆಯೇ ಬೇಕಿಲ್ಲ

ಮಾನವ ಕಳ್ಳಸಾಗಣೆ ಎಂಬ ಪದವೇ ತನಿಖೆಯ ದಾರಿ ತಪ್ಪಿಸುತ್ತದೆ. ಪದದಲ್ಲಿ ಕಳ್ಳ ಇದ್ದಾನೆ, ಸಾಗಣೆ ಇದೆ. ಹಾಗಾಗಿ ವೇಶ್ಯಾಗೃಹದ ದಾಳಿಯಲ್ಲಿ ಸಿಕ್ಕ ಹೆಂಗಸಿಗೆ ಠಾಣೆಯಲ್ಲಿ ಮೊದಲು ಕೇಳುವ ಪ್ರಶ್ನೆ ‘ಯಾವ ಊರಮ್ಮ, ಯಾರು ಕರ್ಕೊಂಡು ಬಂದ್ರು, ಬಸ್ಸಲ್ಲೋ ರೈಲಲ್ಲೋ?’ ಹೊರರಾಜ್ಯದವಳಾದರೆ ಕಳ್ಳಸಾಗಣೆ, ಪಕ್ಕದ ಬೀದಿಯವಳಾದರೆ ‘ದಂಧೆಯವಳು’. ಕಾನೂನಿನಲ್ಲಿ ಇಂಥ ಗೆರೆ ಎಲ್ಲೂ ಇಲ್ಲ.

ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಂ 2024ರ ಜುಲೈ 1ರಿಂದ ಜಾರಿಯಲ್ಲಿದೆ. ಅದಕ್ಕೂ ಮೊದಲು ಇದ್ದದ್ದು 2013ರ ತಿದ್ದುಪಡಿಯಿಂದ ಬಂದ ಐಪಿಸಿ 370. ಎರಡೂ ಕೇಳುವುದು ಮೂರು ಸಂಗತಿ: ಕೃತ್ಯ, ವಿಧಾನ, ಉದ್ದೇಶ. ಕೆಲಸಕ್ಕೆ ಸೇರಿಸಿಕೊಳ್ಳುವುದು, ಸಾಗಿಸುವುದು, ಇರಿಸಿಕೊಳ್ಳುವುದು, ಇನ್ನೊಬ್ಬರಿಗೆ ಒಪ್ಪಿಸುವುದು, ಬಂದವರನ್ನು ಪಡೆದುಕೊಳ್ಳುವುದು, ಇವುಗಳಲ್ಲಿ ಒಂದಾದರೂ ನಡೆದಿರಬೇಕು. ಬೆದರಿಕೆ, ಬಲಪ್ರಯೋಗ, ಅಪಹರಣ, ಮೋಸ, ಅಧಿಕಾರದ ದುರುಪಯೋಗ, ಹಣದ ಅಥವಾ ಇನ್ನಾವುದೇ ಆಮಿಷ, ಇವುಗಳಲ್ಲಿ ಒಂದರ ಮೂಲಕ ನಡೆದಿರಬೇಕು. ಶೋಷಣೆಗಾಗಿ ನಡೆದಿರಬೇಕು. ಸಾಗಿಸುವುದು ಐದು ಕೃತ್ಯಗಳಲ್ಲಿ ಒಂದು ಮಾತ್ರ. ತನ್ನ ಊರಲ್ಲೇ, ತನ್ನದೇ ಬೀದಿಯ ಮನೆಯೊಂದರಲ್ಲಿ ಸಾಲಕ್ಕೆ ಕಟ್ಟಿಹಾಕಲ್ಪಟ್ಟ ಹೆಂಗಸೂ ಕಳ್ಳಸಾಗಣೆಗೆ ಒಳಗಾದವಳೇ. ಸಾವಿರ ಮೈಲಿ ದೂರದಿಂದ ತಾನಾಗಿ ಬಂದು, ತನ್ನ ದುಡ್ಡು ತಾನೇ ಇಟ್ಟುಕೊಂಡು, ಬೇಡವೆನಿಸಿದ ದಿನ ಬಾಗಿಲು ತೆಗೆದು ಹೊರಟುಹೋಗಬಲ್ಲವಳು ಅಲ್ಲ.

ಇಲ್ಲೇ ಇನ್ನೊಂದು ತಪ್ಪು ಓದು ಹುಟ್ಟುತ್ತದೆ. ‘ಸಂತ್ರಸ್ತರ ಒಪ್ಪಿಗೆ ಗಣನೆಗೆ ಬಾರದು’ ಎಂದು ಕಲಂ ಹೇಳುತ್ತದಲ್ಲ, ಅಂದಮೇಲೆ ಯಾವ ಹೆಂಗಸಿನ ಮಾತನ್ನೂ ಕೇಳಬೇಕಿಲ್ಲ ಎಂದು ಹಲವರು ಭಾವಿಸುತ್ತಾರೆ. ಅದು ಹೇಳುತ್ತಿರುವುದೇ ಬೇರೆ. ಮೋಸವೋ ಬಲವಂತವೋ ಸಾಬೀತಾದ ಮೇಲೆ ‘ಅವಳೇ ಹೂಂ ಅಂದಿದ್ದಳು’ ಎಂದು ಆರೋಪಿ ನುಣುಚಿಕೊಳ್ಳುವಂತಿಲ್ಲ, ಅಷ್ಟೆ. ಮೋಸ ನಡೆದಿದೆಯೋ ಇಲ್ಲವೋ ಎಂದು ತಿಳಿಯಲು ಅವಳ ಮಾತನ್ನು ಕೇಳಲೇಬೇಕು. ಮಕ್ಕಳ ವಿಷಯದಲ್ಲಿ ಮಾನವ ಕಳ್ಳಸಾಗಣೆ ತಡೆಗಾಗಿ ವಿಶ್ವಸಂಸ್ಥೆ ರೂಪಿಸಿದ 2000ದ ಪಲೆರ್ಮೊ ಒಡಂಬಡಿಕೆ ವಿಧಾನವನ್ನು ಸಾಬೀತುಪಡಿಸುವ ಹೊರೆಯನ್ನೇ ತೆಗೆದುಹಾಕಿದೆ. ಭಾರತ 2011ರಲ್ಲಿ ಅದನ್ನು ಸ್ಥಿರೀಕರಿಸಿದರೂ ನಮ್ಮ ಕಲಮಿನಲ್ಲಿ ಆ ವಿನಾಯಿತಿ ಬಂದಿಲ್ಲ. ಆದ್ದರಿಂದ 18 ತುಂಬದವರು ಸಿಕ್ಕಾಗ 143ರ ಜೊತೆ ಪೋಕ್ಸೊ ಹಾಕದೆ ಬಿಟ್ಟರೆ ಪ್ರಕರಣ ಸೊರಗುತ್ತದೆ.

ಆದರೆ ದಾಳಿಗಳು ನಡೆಯುವುದು ಹೆಚ್ಚಾಗಿ ಬೇರೊಂದು ಕಾಯ್ದೆಯಡಿ: 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆ, ಪೊಲೀಸರ ಬಾಯಲ್ಲಿ ‘ಪೀಟಾ’. ಇದರಲ್ಲಿ ಕಳ್ಳಸಾಗಣೆಗೆ ವ್ಯಾಖ್ಯಾನವೇ ಇಲ್ಲ. ಲೈಂಗಿಕ ವೃತ್ತಿ ನಡೆಸುವುದನ್ನೇ ಅಪರಾಧ ಎಂದೂ ಅದು ಹೇಳುವುದಿಲ್ಲ. 3ನೇ ಕಲಂ ವೇಶ್ಯಾಗೃಹ ನಡೆಸುವವರಿಗೆ, 4 ಆ ದುಡಿಮೆಯಲ್ಲಿ ಬದುಕುವವರಿಗೆ, 5 ಈ ವೃತ್ತಿಗೆ ಕರೆತರುವವರಿಗೆ, 6 ಕೂಡಿಹಾಕುವವರಿಗೆ. ಹೆಂಗಸಿಗೇ ನೇರವಾಗಿ ತಗಲುವುದು 7 ಮತ್ತು 8: ಸಾರ್ವಜನಿಕ ಸ್ಥಳದ ಬಳಿ ವೃತ್ತಿ ನಡೆಸುವುದು, ಗಿರಾಕಿಗಳನ್ನು ಕರೆಯುವುದು. ಹಾಗಿದ್ದೂ ಅವಳು ಸಿಕ್ಕಿಬೀಳುವ ಬಲೆ ವ್ಯಾಖ್ಯಾನದಲ್ಲಿದೆ. ಇಬ್ಬರು ‘ಪರಸ್ಪರ ಲಾಭಕ್ಕಾಗಿ’ ಬಳಸುವ ಕೋಣೆಯೂ ವೇಶ್ಯಾಗೃಹವೇ. ಒಂಟಿಯಾಗಿ ಇರಲು ಭಯಪಟ್ಟು ಗೆಳತಿಯ ಜೊತೆ ಮನೆ ಹಿಡಿದರೆ ಇಬ್ಬರೂ ಆರೋಪಿಗಳಾಗಬಹುದು. 4ನೇ ಕಲಮಿನಡಿ ಅವಳ ದುಡ್ಡಲ್ಲಿ ಔಷಧಿ ಕೊಳ್ಳುವ ಮುದಿ ತಾಯಿಯನ್ನೂ ಎಳೆಯಬಹುದು. ಕಾಯ್ದೆಯ ಈ ಭಾಗ ಬದಲಾಗಲೇಬೇಕು. ಸುರಕ್ಷತೆಗಾಗಿ ಜೊತೆಗಿರುವುದನ್ನು ಅಪರಾಧ ಮಾಡಿದರೆ ಹೆಂಗಸರು ದಲ್ಲಾಳಿಯ ಕೈಗೇ ಹೋಗುತ್ತಾರೆ.

ದಾಳಿಯ ವಿಧಿ 15ನೇ ಕಲಮಿನಲ್ಲಿದೆ. ವಾರಂಟ್ ಇಲ್ಲದೆ ಹೋಗಬೇಕಾದರೆ ಹೊರಡುವ ಮುಂಚೆಯೇ ಕಾರಣ ಬರೆದಿಡಬೇಕು. ಹೋಗುವವರು ಈ ಕಾಯ್ದೆಯಡಿ ನೇಮಕಗೊಂಡ ವಿಶೇಷ ಪೊಲೀಸ್ ಅಧಿಕಾರಿಯಾಗಿರಬೇಕು, ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆ ಇರಕೂಡದು. ಜೊತೆಗೆ ಕನಿಷ್ಠ ಇಬ್ಬರು ಮಹಿಳಾ ಪೊಲೀಸರು. ಶೋಧಕ್ಕೆ ಸಾಕ್ಷಿಯಾಗಿ ನಿಲ್ಲುವ ಪಂಚರು ಇಬ್ಬರಿಗೆ ಕಡಿಮೆಯಿಲ್ಲದಂತೆ, ಅವರಲ್ಲಿ ಒಬ್ಬರಾದರೂ ಹೆಂಗಸು. ಪಂಚರು ಅದೇ ಬಡಾವಣೆಯವರಾಗಿರಬೇಕೆಂಬ ನಿಯಮ ಹೆಂಗಸಿಗೆ ಅನ್ವಯಿಸದು ಎಂಬುದು ಅನೇಕರಿಗೆ ಗೊತ್ತಿಲ್ಲ. ‘ಸ್ಥಳೀಯ ಮಹಿಳೆ ಸಿಗಲಿಲ್ಲ’ ಎಂಬ ಮಹಜರಿನ ಸಾಲು ನಿಲ್ಲದಿರುವುದು ಅದಕ್ಕೇ. ಪಂಚರ ಅಥವಾ ಕಾರಣ ಬರೆಯುವ ಲೋಪವೊಂದರಿಂದಲೇ ವಿಚಾರಣೆ ಬಿದ್ದುಹೋಗದು. ಆರೋಪಿಗೆ ಅದರಿಂದ ಧಕ್ಕೆಯಾಗಿದೆಯೇ ಎಂದು ನ್ಯಾಯಾಲಯ ನೋಡುತ್ತದೆ. ಅಧಿಕಾರವಿಲ್ಲದ ಪಿಎಸ್‌ಐ ದಾಳಿ, ತನಿಖೆ ಎರಡನ್ನೂ ತಾವೇ ಮುಗಿಸಿದರೆ ಮಾತು ಬೇರೆ. ತನಿಖೆ ವಿಶೇಷ ಅಧಿಕಾರಿಯದ್ದೇ ಎಂದು ಸುಪ್ರೀಂ ಕೋರ್ಟ್ 60ರ ದಶಕದ ಆರಂಭದಲ್ಲೇ ಹೇಳಿದೆ. ನಿಜವಾದ ದಲ್ಲಾಳಿ ಶಿಕ್ಷೆಯಿಂದ ತಪ್ಪಿಸಿಕೊಳ್ಳುವ ಬಾಗಿಲು ಇದು.

ಮಹಜರಿನಲ್ಲಿ ಸಾಮಾನ್ಯವಾಗಿ ಇರುವುದು ನೋಟಿನ ನಂಬರು, ಕಾಂಡೋಮ್ ಪೊಟ್ಟಣಗಳ ಎಣಿಕೆ, ಹಾಸಿಗೆಯ ವರ್ಣನೆ. ಇವು ಯಾವುವೂ ಬಲವಂತವನ್ನು ತೋರಿಸುವುದಿಲ್ಲ. ಬರೆಯಬೇಕಾದದ್ದು ಕೋಣೆಯ ಚಿಲಕ ಒಳಗಿದೆಯೋ ಹೊರಗಿದೆಯೋ, ಬೀಗದ ಕೈ ಯಾರ ಸೊಂಟದಲ್ಲಿತ್ತು, ಅವಳ ಆಧಾರ್ ಕಾರ್ಡ್ ಯಾರ ಬೀರುವಿನಲ್ಲಿ ಸಿಕ್ಕಿತು, ಮೊಬೈಲ್ ಅವಳ ಕೈಲಿತ್ತೇ, ಗೋಡೆಗೆ ಅಂಟಿಸಿದ ಕ್ಯೂಆರ್ ಕೋಡ್ ಯಾರ ಖಾತೆಗೆ ಹೋಗುತ್ತದೆ. ಎಲ್ಲಕ್ಕಿಂತ ಮುಖ್ಯ ಸಾಲದ ಪುಸ್ತಕ. ಮುಂಗಡ, ಬಾಡಿಗೆ, ಊಟ, ಸೀರೆ, ಡಾಕ್ಟರ್ ಫೀಸು ಎಲ್ಲ ಅವಳ ಹೆಸರಿಗೇ ಏರುತ್ತಾ ಹೋಗಿ, ಗಿರಾಕಿಯೊಬ್ಬನಿಗೆ ಇಷ್ಟೆಂದು ಇಳಿಯುತ್ತಾ, ಕೊನೆಯ ಮೊತ್ತ ಮಾತ್ರ ಕರಗದೇ ಇದ್ದರೆ, 143ಕ್ಕೆ ಬೇಕಾದ ಪುರಾವೆ ಆ ಪುಟದಲ್ಲಿದೆ. ವಾಟ್ಸ್ಆ್ಯಪ್‌ನಲ್ಲಿ ಕೆಲಸದ ಭರವಸೆ ಕೊಟ್ಟ ಮೊದಲ ಸಂದೇಶವೂ ಅಷ್ಟೇ ಬೆಲೆಯದು.

ಹೇಳಿಕೆಯನ್ನು ದಾಳಿಯ ರಾತ್ರಿಯೇ, ವೇಶ್ಯಾಗೃಹ ನಡೆಸುವ ಘರ್‌ವಾಲಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರೆದರೆ ಆರು ಹೆಂಗಸರದ್ದೂ ಒಂದೇ ಹೇಳಿಕೆಯಾಗುತ್ತದೆ, ಹೆಸರು ಮಾತ್ರ ಬೇರೆ. ಪಾಟೀಸವಾಲಿನಲ್ಲಿ ಅದು ಹತ್ತು ನಿಮಿಷವೂ ನಿಲ್ಲದು. ಬೇರೆ ಕೋಣೆ, ಅವಳ ಭಾಷೆ ಬಲ್ಲವರು, ಮಹಿಳಾ ಅಧಿಕಾರಿ. ಇಲ್ಲದಿದ್ದರೆ ಮಾನ್ಯತೆ ಪಡೆದ ಸಂಸ್ಥೆಯ ಮಹಿಳಾ ಸದಸ್ಯೆಯ ಸಮ್ಮುಖ. ವಯಸ್ಸಿನ ಅನುಮಾನವಿದ್ದರೆ ಬಾಲನ್ಯಾಯ ಕಾಯ್ದೆಯ 94ನೇ ಕಲಮಿನ ಕ್ರಮ: ಮೊದಲು ಶಾಲೆಯ ದಾಖಲೆ, ಅದಿಲ್ಲದಿದ್ದರೆ ಜನನ ಪ್ರಮಾಣಪತ್ರ, ಎರಡೂ ಇಲ್ಲದಾಗ ಮಾತ್ರ ಮೂಳೆ ಪರೀಕ್ಷೆ.

2022ರ ಮೇ 19ರಂದು, ಲೈಂಗಿಕ ವೃತ್ತಿಯವರ ಹಕ್ಕುಗಳ ಕುರಿತ ಬುದ್ಧದೇವ್ ಕರ್ಮಾಸ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶವನ್ನು ಎಚ್ಚರದಿಂದ ಓದಬೇಕು. ಕಾಂಡೋಮನ್ನು ಸಾಕ್ಷ್ಯವಾಗಿ ಬಳಸಬಾರದು, ಗುರುತು ಬಹಿರಂಗವಾಗಬಾರದು, ಇಷ್ಟವಿಲ್ಲದೆ ರಕ್ಷಣಾ ಗೃಹಗಳಲ್ಲಿರುವ ವಯಸ್ಕರ ಬಿಡುಗಡೆ ಪರಿಶೀಲಿಸಬೇಕು ಎಂಬವು ರಾಜ್ಯಗಳು ಪಾಲಿಸಲೇಬೇಕಾದ ನಿರ್ದೇಶನಗಳು. ನ್ಯಾಯಾಲಯ ನೇಮಿಸಿದ್ದ ಸಮಿತಿಯ ಕೆಲವು ಶಿಫಾರಸುಗಳಿಗೆ ಕೇಂದ್ರ ಸರ್ಕಾರ ಆಕ್ಷೇಪವೆತ್ತಿತ್ತು; ದಾಳಿಯಲ್ಲಿ ಸಿಕ್ಕ ಹೆಂಗಸರನ್ನು ಬಂಧಿಸಬಾರದು ಎಂಬುದು ಅವುಗಳಲ್ಲೊಂದು. ಅದೂ ಕಡ್ಡಾಯವೆಂಬಂತೆ ಸುದ್ದಿ ಹಬ್ಬಿತು. ಜಾಮೀನು ಅರ್ಜಿಯಲ್ಲಿ ಅದನ್ನೇ ನೆಚ್ಚಿಕೊಂಡರೆ ಎದುರು ಪಕ್ಷ ಸುಲಭವಾಗಿ ಕಡಿದುಹಾಕುತ್ತದೆ.

ರಕ್ಷಣೆಯ ಹೆಸರಲ್ಲಿ ಗೃಹಕ್ಕೆ ಕಳಿಸಿದ ವಯಸ್ಕಳಿಗೆ ಪೀಟಾದ 17ನೇ ಕಲಂ ಒಂದು ಮಿತಿ ಕೊಟ್ಟಿದೆ. ವಿಚಾರಣೆ ಬಾಕಿಯಿರುವಾಗಿನ ವಶ, ಆದೇಶದ ದಿನದಿಂದ ಮೂರು ವಾರ ಮೀರಕೂಡದು. ಬಾಂಬೆ ಹೈಕೋರ್ಟ್ 2020ರ ಸೆಪ್ಟೆಂಬರ್‌ನಲ್ಲಿ ಮೂವರು ಯುವತಿಯರನ್ನು ಬಿಡಿಸಿದ ಆದೇಶದಲ್ಲಿ ಇದನ್ನೂ, ವಯಸ್ಕ ಹೆಂಗಸಿಗೆ ತನ್ನ ವೃತ್ತಿ ಆರಿಸಿಕೊಳ್ಳುವ ಹಕ್ಕನ್ನೂ ಎತ್ತಿಹಿಡಿಯಿತು. ಅವಳ ಪರ ವಕೀಲರು ಮೊದಲ ದಿನವೇ ಮಧ್ಯಂತರ ಆದೇಶದ ಪ್ರತಿ ಪಡೆದು 21ನೇ ದಿನವನ್ನು ಗುರುತು ಹಾಕಿಕೊಳ್ಳಬೇಕು. ‘ಪೋಷಕರ ವಶಕ್ಕೆ’ ಎಂಬ ಆದೇಶಕ್ಕೆ ಒಪ್ಪುವ ಮುನ್ನ ಅವಳನ್ನು ಒಬ್ಬಳೇ ಇರುವಾಗ ಕೇಳಿ: ಮೊದಲ ಸಲ ನಿನ್ನ ಮುಂಗಡದ ದುಡ್ಡು ಎಣಿಸಿಕೊಂಡವರು ಯಾರು? ಉತ್ತರ ಅಪ್ಪನೋ ಅತ್ತೆಯೋ ಆಗಿದ್ದರೆ, ಕೆಟ್ಟ ಪ್ರಭಾವ ಬೀರಬಲ್ಲವರ ವಶಕ್ಕೆ ಕೊಡಬಾರದೆಂಬ ಅದೇ ಕಲಮಿನ ಪರಂತುಕವನ್ನು (ಷರತ್ತನ್ನು) ಮ್ಯಾಜಿಸ್ಟ್ರೇಟರ ಮುಂದಿಡಿ.