ದಾದರ್ ಸೇತುವೆ ಮತ್ತು ಎರಡು ಅಂಡರ್‌ಸ್ಕೋರ್

ಡೊಂಬಿವಿಲಿಯಿಂದ ಮಾಹಿಮ್‌ಗೆ ಹೋಗುವವರು ದಾದರ್‌ನಲ್ಲಿ ಇಳಿದು, ಸೇತುವೆ ಹತ್ತಿ, ಸೆಂಟ್ರಲ್ ಲೈನಿನಿಂದ ವೆಸ್ಟರ್ನ್ ಲೈನಿಗೆ ದಾಟುತ್ತಾರೆ. ಡೇಟಾಬೇಸಿನಲ್ಲಿ ಆ ಸೇತುವೆಯ ಹೆಸರು ಫಾರಿನ್ ಕೀ: ಒಂದು ಟೇಬಲಿನ ಸಾಲಿನಲ್ಲಿ ಬರೆದಿಟ್ಟ ಇನ್ನೊಂದು ಟೇಬಲಿನ ಸಾಲಿನ ಗುರುತು. ಮಾಹಿತಿಯನ್ನು ಟೇಬಲುಗಳಾಗಿ ಒಡೆದು ಮೌಲ್ಯಗಳಿಂದಲೇ ಬೆಸೆಯುವ ದಾರಿಯನ್ನು 1970ರಲ್ಲಿ ಐಬಿಎಮ್‌ನ ಎಡ್ಗರ್ ಕಾಡ್ ತೋರಿಸಿದರು. ಅಮೆರಿಕದ ಕಾನ್ಸಾಸ್‌ನ ಪತ್ರಿಕಾ ಕಚೇರಿಯೊಂದರಲ್ಲಿ ಹುಟ್ಟಿ, ಗಿಟಾರ್ ವಾದಕ ಜಾಂಗೋ ರೈನ್‌ಹಾರ್ಟ್ ಹೆಸರು ಹೊತ್ತು 2005ರಲ್ಲಿ ಹೊರಬಂದ ಜಾಂಗೋದಲ್ಲಿ (ಪೈಥಾನ್ ಭಾಷೆಯಲ್ಲಿ ವೆಬ್ ತಾಣ ಕಟ್ಟುವ ಚೌಕಟ್ಟು) ಸೇತುವೆ ದಾಟಲು ಎರಡು ಅಂಡರ್‌ಸ್ಕೋರ್ (__) ಸಾಕು.

ಮುಂಬಯಿಯ ಒಂದು ಕನ್ನಡ ವಾಚನಾಲಯಕ್ಕೆ ಮಾಹಿಮ್, ಡೊಂಬಿವಿಲಿ ಎರಡು ಶಾಖೆಗಳಿವೆ ಎನ್ನಿ. ‘ಪುಸ್ತಕ’ ಒಂದು ಟೇಬಲ್, ‘ಪ್ರತಿ’ ಇನ್ನೊಂದು; ಒಂದು ಪುಸ್ತಕಕ್ಕೆ ಹಲವು ಪ್ರತಿಗಳು, ಒಂದೊಂದಕ್ಕೂ ಅದರ ಶಾಖೆ, ಸ್ಥಿತಿ. ಪ್ರತಿ__ಶಾಖೆ='ಮಾಹಿಮ್' ಎಂದರೆ ಪುಸ್ತಕದಿಂದ ಪ್ರತಿಗೆ ದಾಟಿ ಶಾಖೆ ನೋಡು ಎಂದರ್ಥ. (ಪೈಥಾನ್ 3 ಕನ್ನಡದ ಹೆಸರುಗಳನ್ನು ಒಪ್ಪುತ್ತದೆ. ಇದು ನಿಜಕ್ಕೂ ಓಡುವ ಕೋಡು!)

ಬೇಕಾದ ಸಾಲುಗಳನ್ನಷ್ಟೇ ಸೋಸಿಕೊಡುವುದು ಫಿಲ್ಟರ್. ಒಂದು ಫಿಲ್ಟರಿನಲ್ಲಿ ಎರಡು ಷರತ್ತು ಹಾಕಿದರೂ, ಫಿಲ್ಟರಿನ ಮೇಲೆ ಫಿಲ್ಟರ್ ಪೋಣಿಸಿದರೂ ಒಂದೇ ಎಂಬ ನಂಬಿಕೆ ಬಲವಾಗಿದೆ. ಸ್ವಂತ ಟೇಬಲಿನ ಮಟ್ಟಿಗೆ ಅದು ಸರಿ. ಒಂದಕ್ಕೆ ಹಲವು ಸಾಲುಗಳಿರುವ ಸಂಬಂಧದಲ್ಲಿ ಶುದ್ಧ ತಪ್ಪು. ಒಂದು ಕಾದಂಬರಿಯ ಮಾಹಿಮ್ ಪ್ರತಿ ಎರವಲು ಹೋಗಿದೆ, ಡೊಂಬಿವಿಲಿಯದು ಕಪಾಟಿನಲ್ಲಿದೆ. ಮೊದಲು ಶಾಖೆ='ಮಾಹಿಮ್', ಅದರ ಮೇಲೆ ಇನ್ನೊಂದು ಫಿಲ್ಟರಿನಲ್ಲಿ ಸ್ಥಿತಿ='ಲಭ್ಯ' ಎಂದರೆ ಜಾಂಗೋ ಪ್ರತಿ ಟೇಬಲನ್ನು ಎರಡು ಸಲ ಜಾಯಿನ್ ಮಾಡುತ್ತದೆ, ಅಂದರೆ ಷರತ್ತಿಗೊಮ್ಮೆಯಂತೆ ಬೇರೆಬೇರೆಯಾಗಿ ಪುಸ್ತಕಕ್ಕೆ ಬೆಸೆಯುತ್ತದೆ. ಒಂದೇ ಕುಟುಂಬವನ್ನು ಇಬ್ಬರು ಟಿಸಿಗಳು ಬೇರೆಬೇರೆಯಾಗಿ ಕೇಳಿದಂತೆ ಇದು: ‘ಮಾಹಿಮ್‌ಗೆ ಹೋಗುವವರಿದ್ದೀರಾ?’ ಅಣ್ಣ ಹೌದೆಂದ. ‘ಪಾಸ್ ಇರುವವರಿದ್ದೀರಾ?’ ತಂಗಿ ತೋರಿಸಿದಳು. ಹೋಗುವವನ ಕೈಯಲ್ಲೇ ಪಾಸಿದೆಯೇ ಎಂದು ಯಾರೂ ಕೇಳಲಿಲ್ಲ. ಹೀಗೆ ಆ ಕಾದಂಬರಿ ‘ಮಾಹಿಮ್, ಲಭ್ಯ’ ಪಟ್ಟಿಗೆ ಸೇರಿಬಿಡುತ್ತದೆ; ಡೊಂಬಿವಿಲಿಯ ಓದುಗ ತನ್ನೂರಿನ ಕಪಾಟಿನಲ್ಲೇ ಇರುವ ಪುಸ್ತಕಕ್ಕಾಗಿ ಎರಡು ರೈಲು ಹತ್ತಿ ಮಾಹಿಮ್‌ಗೆ ಬರುತ್ತಾನೆ.

ಎಪಿಐಯಲ್ಲಿ (ಬೇರೆ ಪ್ರೋಗ್ರಾಮುಗಳು ಮಾಹಿತಿ ಕೇಳಿ ಪಡೆಯುವ ಬಾಗಿಲು) ಈ ತಪ್ಪು ಗೊತ್ತಾಗದಂತೆ ನುಸುಳುತ್ತದೆ. ಯುಆರ್‌ಎಲ್‌ನಲ್ಲಿ ಕೇಳಿದ್ದನ್ನು ಫಿಲ್ಟರುಗಳಾಗಿ ಮಾಡುವ ಜಾಂಗೋ-ಫಿಲ್ಟರ್ ಎಂಬ ಲೈಬ್ರರಿಯ ಫಿಲ್ಟರ್‌ಸೆಟ್ ತನ್ನ ಫಿಲ್ಟರುಗಳನ್ನು ಒಂದಾದಮೇಲೊಂದು ಪೋಣಿಸಿಯೇ ಓಡಿಸುತ್ತದೆ. ಆದ್ದರಿಂದ ಶಾಖೆ, ಸ್ಥಿತಿ ಎರಡನ್ನೂ ಕ್ಲೀನ್ಡ್ ಡೇಟಾದಿಂದ (ಪರಿಶೀಲನೆ ಮುಗಿಸಿದ ಮೌಲ್ಯಗಳು) ಎತ್ತಿಕೊಂಡು ಒಂದೇ ಫಿಲ್ಟರಿಗೆ ಕೊಡಬೇಕು. ಆಗಲೂ ಮಾಹಿಮ್‌ನಲ್ಲಿ ಮೂರು ಪ್ರತಿ ಲಭ್ಯವಿದ್ದರೆ ಪುಸ್ತಕ ಮೂರು ಸಲ ಬರುತ್ತದೆ, ಪುಟಗಳ ಲೆಕ್ಕವೂ ಕೆಡುತ್ತದೆ. ಮರುಕಳಿಸಿದ ಸಾಲು ತೆಗೆಯುವ ಡಿಸ್ಟಿಂಕ್ಟ್ ಹಾಕಬಹುದು, ಪ್ರಶ್ನೆಯೊಳಗಿನ ಪ್ರಶ್ನೆಯಾದ ಎಕ್ಸಿಸ್ಟ್ಸ್ ಸಬ್‌ಕ್ವೆರಿ ಇನ್ನೂ ಮೇಲು, ಏಕೆಂದರೆ ಅದು ‘ಇಂಥ ಪ್ರತಿ ಇದೆಯೇ’ ಎಂದಷ್ಟೇ ಕೇಳುತ್ತದೆ, ಸಾಲು ಹೆಚ್ಚಿಸುವುದಿಲ್ಲ.

ಯುಆರ್‌ಎಲ್‌ನಲ್ಲಿ ಪ್ಯಾರಾಮೀಟರಿನ (ಶಾಖೆ, ಸ್ಥಿತಿಯಂಥ ಷರತ್ತು) ಹೆಸರು ತಪ್ಪಿದರೆ ದೋಷವೇ ಕಾಣದು; ‘ಎಲ್ಲ ಸರಿ’ ಎನ್ನುವ 200 ಉತ್ತರದೊಂದಿಗೆ ಇಡೀ ಪಟ್ಟಿ ಬರುತ್ತದೆ. ಹಾಗಾಗಿ ಟೆಸ್ಟಿನಲ್ಲಿ ಮೇಲಿನ ಕಾದಂಬರಿಯನ್ನೇ ಎರಡು ಪ್ರತಿಗಳೊಂದಿಗೆ ಇಟ್ಟು ‘ಮಾಹಿಮ್, ಲಭ್ಯ’ ಎಂದು ಕೇಳಿ. ಸೊನ್ನೆ ಬರಬೇಕು. ಒಂದು ಬಂದರೆ ಫಿಲ್ಟರುಗಳು ಇನ್ನೂ ಪೋಣಿಸಿಕೊಂಡೇ ಇವೆ, ಇಲ್ಲವೇ ಪ್ಯಾರಾಮೀಟರ್ ಅವುಗಳನ್ನು ಮುಟ್ಟಿಯೇ ಇಲ್ಲ.